ಪ್ರವಾಸಿಯ ಹೆಗಲಿಗೆ ಸರ್ಕಾರದ ಹೊರೆ

ಪೈಜಾಮ ತೊಟ್ಟು ವಿಮಾನ ಹತ್ತಬೇಡಿ, ಸಭ್ಯ ಉಡುಪು ಧರಿಸಿ ಎಂದು ಅಮೆರಿಕದ ಸಾರಿಗೆ ಸಚಿವ ಶಾನ್ ಡಫಿ 2025ರ ನವೆಂಬರ್‌ನಲ್ಲಿ ತಮ್ಮ ಜನರಿಗೆ ಕರೆ ಕೊಟ್ಟರು. ಇಂಥ ಉಪದೇಶದ ಬೆನ್ನಿಗೇ ಇನ್ನೊಂದು ವಾದ ಬರುವುದು ವಾಡಿಕೆ: ಅಮೆರಿಕನ್ನರು ಹೊರದೇಶಗಳಲ್ಲಿ ನಯವಾಗಿ ನಡೆದುಕೊಂಡರೆ ದೇಶದ ವರ್ಚಸ್ಸು ತಾನಾಗಿ ಸುಧಾರಿಸುತ್ತದೆ. ಈ ವಾದಕ್ಕೆ ಆಧಾರವಿಲ್ಲ.

ಪ್ರಯೋಗ ಹೊಸದೇನಲ್ಲ. ‘ನೀವು ನಮ್ಮೆಲ್ಲರ ಪ್ರತಿನಿಧಿ’ ಎಂಬರ್ಥದ ಪತ್ರವನ್ನು ಐಸೆನ್‌ಹೋವರ್ ಕಾಲದಲ್ಲೇ ಪಾಸ್‌ಪೋರ್ಟ್ ಜೊತೆ ಕೊಡಲಾಗುತ್ತಿತ್ತು. ಇರಾಕ್ ಯುದ್ಧ ಆರಂಭವಾದ ನಂತರ ಜಾಹೀರಾತು ಕ್ಷೇತ್ರದ ಕೀತ್ ರೈನ್‌ಹಾರ್ಡ್ ಅವರ ಸಂಸ್ಥೆ ಕೈಪಿಡಿಯನ್ನೇ ಹಂಚಿತು: ಮೆಲುದನಿಯಲ್ಲಿ ಮಾತಾಡಿ, ಬಡಾಯಿ ಕೊಚ್ಚಬೇಡಿ, ಕೇಳಿಸಿಕೊಳ್ಳಿ.

ಈಗ ಪ್ಯೂ ಸಂಶೋಧನಾ ಕೇಂದ್ರದ ಒಂದು ಅಂಕಿ ನೋಡಿ. 2008ರಲ್ಲಿ ಅಮೆರಿಕ ಅಧ್ಯಕ್ಷರ ಮೇಲೆ ವಿಶ್ವಾಸವಿದ್ದ ಜರ್ಮನ್ನರು ಶೇ 14. 2009ರಲ್ಲಿ ಶೇ 93. ಆ ಒಂದು ವರ್ಷದಲ್ಲಿ ಬರ್ಲಿನ್, ಮ್ಯೂನಿಕ್‌ ಸುತ್ತಿದ ಅಮೆರಿಕನ್ನರೆಲ್ಲ ದನಿ ತಗ್ಗಿಸಿದರೇ? ಬುಷ್ ಹೋಗಿ ಒಬಾಮ ಬಂದರು, ಅಷ್ಟೆ. 2017ರಲ್ಲಿ ಟ್ರಂಪ್ ಬಂದರು. ಅಂಕಿ ಶೇ 11ಕ್ಕೆ ಕುಸಿಯಿತು.

ಇದು ಅಧ್ಯಕ್ಷರ ಕುರಿತ ಪ್ರಶ್ನೆ, ದೇಶದ ಕುರಿತದ್ದಲ್ಲ ಎನ್ನುವವರಿದ್ದಾರೆ. ದೇಶದ ಬಗ್ಗೆ ಒಳ್ಳೆಯ ಅಭಿಪ್ರಾಯವಿದ್ದ ಜರ್ಮನ್ನರ ಪ್ರಮಾಣವೂ 2008ರಿಂದ 2009ಕ್ಕೆ ಶೇ 31ರಿಂದ ಶೇ 64ಕ್ಕೆ ಏರಿತ್ತು. 2003ರಲ್ಲಿ ಇಂಡೊನೇಷ್ಯಾದಲ್ಲಿ ಶೇ 15ಕ್ಕೆ ಇಳಿದಿದ್ದ ಈ ಪ್ರಮಾಣ, ಸುನಾಮಿ ಪರಿಹಾರಕ್ಕೆ ಅಮೆರಿಕ ಧಾವಿಸಿದ ಮೇಲೆ, 2005ರಲ್ಲಿ ಶೇ 38 ಆಯಿತು. ಸರ್ಕಾರ ಏನು ಮಾಡುತ್ತದೆ ಎಂಬುದನ್ನು ಜನ ಗಮನಿಸುತ್ತಾರೆ.

ನಮ್ಮಲ್ಲೂ ಹಾಗೆಯೇ. ಹಂಪಿಯ ವಿರೂಪಾಕ್ಷ ದೇಗುಲದ ಬಾಗಿಲಲ್ಲಿ ಅಮೆರಿಕನ್ ಪ್ರವಾಸಿ ಶೂ ಬಿಚ್ಚಿಟ್ಟು, ಬಿಸಿಲಿಗೆ ಕಾದ ಕಲ್ಲಿನ ಮೇಲೆ ಬರಿಗಾಲಲ್ಲಿ ನಡೆದರೆ ನಮಗೆ ಸಂತೋಷವೇ. ಆದರೆ 2025ರ ಸೆಪ್ಟೆಂಬರ್‌ನಲ್ಲಿ ಹೊಸ ಎಚ್‌–1ಬಿ ಉದ್ಯೋಗ ವೀಸಾ ಅರ್ಜಿಗೆ ಒಂದು ಲಕ್ಷ ಡಾಲರ್ ಶುಲ್ಕ ಘೋಷಣೆಯಾದಾಗ ಬೆಂಗಳೂರಿನ ಮನೆಗಳಲ್ಲಿ ಹುಟ್ಟಿದ ಆತಂಕವನ್ನು ಆ ಸೌಜನ್ಯ ಅಳಿಸಲಾರದು. ವೀಸಾಕ್ಕೆ 15,000 ಡಾಲರ್‌ವರೆಗೆ ಬಾಂಡ್ ಇಡಬೇಕಾಗಿ ಬಂದ ಜಾಂಬಿಯಾ, ಮಲಾವಿಯ ಜನ ಅಮೆರಿಕವನ್ನು ಅಳೆಯುವುದೂ ಆ ಬಾಂಡ್‌ನಿಂದಲೇ.

ಹಾಗಾದರೆ ಶಿಷ್ಟಾಚಾರ ಬೇಡವೇ? ಖಂಡಿತ ಬೇಕು. ಕ್ಯೋಟೊದ ಗಿಯಾನ್‌ ನಿವಾಸಿಗಳು ಪ್ರವಾಸಿಗರ ಕಾಟ ತಾಳಲಾರದೆ 2024ರಲ್ಲಿ ಖಾಸಗಿ ಓಣಿಗಳನ್ನೇ ಮುಚ್ಚಿದರು. ಒಳಗೆ ಕಾಲಿಟ್ಟರೆ 10,000 ಯೆನ್ ದಂಡ ಎಂಬ ಫಲಕ ಹಾಕಿದರು. ಆ ದಂಡ ಎಲ್ಲ ದೇಶದವರಿಗೂ ಒಂದೇ. ಅತಿಥಿಯ ಸಭ್ಯತೆ ಆತಿಥೇಯರಿಗೆ ಸಲ್ಲಬೇಕಾದ ಗೌರವ. ಅದಕ್ಕೆ ದೇಶಪ್ರೇಮದ ಸಮರ್ಥನೆ ಬೇಕಿಲ್ಲ. ದೇಶದ ಹೆಸರು ಉಳಿಸುವ ಹೊಣೆ ಅಧಿಕಾರದಲ್ಲಿ ಇರುವವರದು. ಅದನ್ನು ರಜೆಗೆ ಹೊರಟ ಶಿಕ್ಷಕಿ, ದಾದಿ, ನಿವೃತ್ತ ನೌಕರರ ಮೇಲೆ ಹೊರಿಸುವುದನ್ನು ವಾಷಿಂಗ್ಟನ್ ನಿಲ್ಲಿಸಬೇಕು.