ಡಬ್ಬಿಂಗ್ ಕೋಣೆಯಲ್ಲಿ ಕಳೆದುಹೋಗುವ ಕನ್ನಡ

ನಮ್ಮ ಪದವಿ ಕಾಲೇಜುಗಳಲ್ಲಿ ಈಗ ಕಿರುಚಿತ್ರದ ಕಾಲ. ಪತ್ರಿಕೋದ್ಯಮ ವಿಭಾಗದವರಷ್ಟೇ ಅಲ್ಲ, ಸಾಹಿತ್ಯ ಪಾಠ ಮಾಡುವ ಮೇಷ್ಟ್ರುಗಳೂ ‘ಒಂದು ಕತೆ ತಗೊಂಡು ಹತ್ತು ನಿಮಿಷದ ಚಿತ್ರ ಮಾಡ್ಕೊಂಡು ಬನ್ನಿ’ ಎನ್ನುತ್ತಿದ್ದಾರೆ. ಒಳ್ಳೆಯದೇ. ನನ್ನ ತಕರಾರು ಇರುವುದು ಚಿತ್ರ ಮುಗಿದ ಮೇಲೆ ಬರೆಸಿಕೊಳ್ಳುವ ಎರಡು ಪುಟಗಳ ಬಗ್ಗೆ. ‘ಇದರಿಂದ ನೀವು ಕಲಿತದ್ದೇನು?’ ಉತ್ತರ ಎಲ್ಲರಿಗೂ ಬಾಯಿಪಾಠ: ತಂಡವಾಗಿ ದುಡಿಯುವುದು, ಸಮಯಪಾಲನೆ, ಸಮಾಜಕ್ಕೊಂದು ಸಂದೇಶ. ಇವನ್ನು ಕಲಿಯಲು ಕ್ಯಾಮೆರಾ ಯಾಕೆ ಬೇಕು? ಒಂದು ವಾರದ ಎನ್‌ಎಸ್‌ಎಸ್ ಶಿಬಿರ ಸಾಕು.

ಚಿತ್ರ ಮಾಡಹೊರಟವರಿಗೆ ಮೊದಲ ಪೆಟ್ಟು ಬೀಳುವುದು ಕಿವಿಯಿಂದ. ಇವತ್ತಿನ ಫೋನಿನಲ್ಲಿ ಚೆಂದದ ದೃಶ್ಯ ಯಾರಿಗಾದರೂ ಸಿಗುತ್ತದೆ. ಮಾತು ಸಿಗುವುದಿಲ್ಲ. ನಟಿ ಹತ್ತು ಅಡಿ ದೂರ ಹೋದರೆ ಫೋನಿನ ಮೈಕಿಗೆ ಅವಳ ದನಿಗಿಂತ ಫ್ಯಾನಿನ ಸದ್ದೇ ಹತ್ತಿರ. ಅವಳು ಸುಮ್ಮನಾದ ಕ್ಷಣ ಫೋನು ತಾನಾಗಿಯೇ ಧ್ವನಿಯ ಮಟ್ಟ ಏರಿಸಿಕೊಂಡು ಬೀದಿಯ ಹಾರ್ನನ್ನೆಲ್ಲ ಒಳಗೆ ಎಳೆದುಕೊಳ್ಳುತ್ತದೆ. ಪರಿಹಾರಗಳೇನೂ ದುಬಾರಿಯಲ್ಲ. ಕಾಲರ್ ಮೈಕ್ ಹಾಕಬೇಕು, ಫ್ಯಾನು ನಿಲ್ಲಿಸಬೇಕು, ಪ್ರತಿ ಜಾಗದಲ್ಲೂ ಅರ್ಧ ನಿಮಿಷ ಎಲ್ಲರೂ ಬಾಯಿ ಮುಚ್ಚಿ ಆ ಜಾಗದ ಮೌನವನ್ನೂ ರೆಕಾರ್ಡ್ ಮಾಡಿಕೊಳ್ಳಬೇಕು. ಎಡಿಟಿಂಗಿನಲ್ಲಿ ಒಂದು ಮಾತಿಗೂ ಇನ್ನೊಂದಕ್ಕೂ ಹೊಲಿಗೆ ಹಾಕುವುದು ಆ ಮೌನವೇ. ಇದನ್ನು ಹೇಳಿಕೊಡುವವರಿಲ್ಲ. ಸದ್ದು ಕೆಟ್ಟಾಗ ಸಿಗುವ ಸಲಹೆ ಒಂದೇ: ‘ಡಬ್ ಮಾಡಿಬಿಡಿ.’

ನನ್ನ ಸಿಟ್ಟಿಗೆ ಕಾರಣ ಈ ಸಲಹೆ. ಕಳೆದ ವರ್ಷ ಒಂದು ಸ್ಪರ್ಧೆಯ ಮೊದಲ ಸುತ್ತಿಗೆ ಚಿತ್ರಗಳನ್ನು ನೋಡುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಅದರಲ್ಲೊಂದು ಕಲಬುರಗಿ ಕಡೆಯ ಹುಡುಗರದ್ದು. ತಾಯಿಯ ಪಾತ್ರ ಮಾಡಿದವರು ಅವರ ಓಣಿಯ ಹೆಂಗಸು. ರೊಟ್ಟಿ ಬಡಿಯುತ್ತಾ, ತಲೆ ಎತ್ತದೆ, ಮಗನನ್ನು ಏನೋ ಕೇಳುತ್ತಾರೆ. ತುಟಿ ಓದಿದರೆ ‘ಏನ್ ಮಾಡ್ಲತ್ತಿ?’ ಕೇಳಿಸುವುದು ಮಾತ್ರ ಇಪ್ಪತ್ತು ವರ್ಷದ ಹುಡುಗಿಯೊಬ್ಬಳ ತೊಳೆದಿಟ್ಟ ದನಿಯಲ್ಲಿ ‘ಏನು ಮಾಡ್ತಾ ಇದ್ದೀಯಾ?’ ಆಕೆಯ ತುಟಿ ನಿಂತ ಮೇಲೂ ಮಾತು ಮುಂದುವರಿಯುತ್ತಿತ್ತು. ವಿಚಾರಿಸಿದೆ. ಸದ್ದು ಕೆಟ್ಟದ್ದೊಂದು ಕಾರಣ. ಇನ್ನೊಂದು, ‘ಭಾಷೆ ಎಲ್ಲರಿಗೂ ಅರ್ಥ ಆಗಬೇಕು’ ಎಂದು ಅವರ ಮಾರ್ಗದರ್ಶಕರು ಹೇಳಿದ್ದು. ಮೌಲ್ಯಮಾಪನದ ಹಾಳೆಯಲ್ಲಿ ‘ಭಾಷಾಶುದ್ಧಿ’ಗೆ ಬೇರೆಯೇ ಅಂಕವಿತ್ತಂತೆ. ಹುಡುಗರು ಅಂಕ ತಗೊಂಡರು, ಆ ಹೆಂಗಸಿನ ದನಿ ಹೋಯಿತು. ತನ್ನ ಮುಖದಿಂದ ಇನ್ಯಾರದೋ ಕನ್ನಡ ಹೊರಡುವುದನ್ನು ಆಕೆ ನೋಡಿದಾಗ ಏನನ್ನಿಸಿತೋ, ಯಾವ ವರದಿಯಲ್ಲೂ ಇಲ್ಲ.

ಇದೇ ತರಗತಿಗಳಲ್ಲಿ ನಾವು ದೇವನೂರ ಮಹಾದೇವರ ‘ಕುಸುಮಬಾಲೆ’ಯ ಭಾಷೆಯನ್ನು ಕೊಂಡಾಡುತ್ತೇವೆ. ಆ ಕೃತಿ ಆಡುಮಾತನ್ನು ಹೇಗೆ ಕಾವ್ಯವಾಗಿಸಿತು ಎಂದು ಐದು ಅಂಕದ ಟಿಪ್ಪಣಿ ಬರೆಸುತ್ತೇವೆ. ಗೀತಾ ನಾಗಭೂಷಣರ ‘ಬದುಕು’ ಕಾದಂಬರಿಗೆ 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದನ್ನು ಕಲಬುರಗಿ ಸೀಮೆಯ ಹೆಮ್ಮೆ ಎನ್ನುತ್ತೇವೆ. ಪುಟದ ಮೇಲಿದ್ದರೆ ಪ್ರಾದೇಶಿಕ ಸೊಗಡು, ವಿದ್ಯಾರ್ಥಿಯ ಬಾಯಲ್ಲಿದ್ದರೆ ತಿದ್ದಬೇಕಾದ ತಪ್ಪು. ಇದು ಯಾವ ನ್ಯಾಯ?

ಅರ್ಥವಾಗುವುದಿಲ್ಲ ಎಂಬ ವಾದವಂತೂ ನಿಲ್ಲುವುದೇ ಇಲ್ಲ. ‘ತಿಥಿ’ಯಲ್ಲಿ ನಟಿಸಿದವರು ಮಂಡ್ಯದ ನೊದೆಕೊಪ್ಪಲು ಸುತ್ತಿನ ಜನ. ಆಡಿದ್ದು ತಮ್ಮದೇ ಮಾತು. 2015ರಲ್ಲಿ ಲೊಕಾರ್ನೊ ಉತ್ಸವದಲ್ಲಿ ಅದಕ್ಕೆ ಪ್ರಶಸ್ತಿ ಬಂತು, ಆಮೇಲೆ ಇಲ್ಲಿನ ಚಿತ್ರಮಂದಿರಗಳಲ್ಲೂ ಜನ ನೋಡಿ ನಕ್ಕರು. ವಿದ್ಯಾರ್ಥಿ ಚಿತ್ರವೇ ಬೇಕೆಂದರೆ ಪುಣೆಯ ಎಫ್‌ಟಿಐಐನಲ್ಲಿ ಚಿದಾನಂದ ನಾಯ್ಕ ಮಾಡಿದ ಹದಿನಾರು ನಿಮಿಷದ ‘ಸನ್‌ಫ್ಲವರ್ಸ್ ವರ್ ದಿ ಫಸ್ಟ್ ಒನ್ಸ್ ಟು ನೋ’ ಇದೆ. ಕೋಳಿ ಕದ್ದ ಅಜ್ಜಿಯ ಜನಪದ ಕತೆ, ಕನ್ನಡದ್ದೇ ಚಿತ್ರ. 2024ರಲ್ಲಿ ಕಾನ್ ಉತ್ಸವದ ವಿದ್ಯಾರ್ಥಿ ವಿಭಾಗದಲ್ಲಿ ಮೊದಲ ಬಹುಮಾನ ಪಡೆಯಿತು. ಅಲ್ಲಿನ ತೀರ್ಪುಗಾರರು ಕನ್ನಡ ಕಲಿತು ನೋಡಿದರೇ? ಸಬ್‌ಟೈಟಲ್ ಎಂಬುದೊಂದಿದೆ. ಬೀದರಿನ ಮಾತು ಮೈಸೂರಿನವರಿಗೆ ತಿಳಿಯದಿದ್ದರೆ ಕನ್ನಡಕ್ಕೇ ಕನ್ನಡದ ಸಬ್‌ಟೈಟಲ್ ಹಾಕಿ, ಅದರಲ್ಲಿ ಅವಮಾನವೇನಿಲ್ಲ.

ಅಂದಹಾಗೆ, ಆ ಚಿತ್ರ ಗೆದ್ದಾಗ ನಮ್ಮವರು ಸಂಭ್ರಮಿಸಿದ್ದು ನಿರ್ದೇಶಕರೊಬ್ಬರನ್ನೇ. ಅದು ನಿರ್ದೇಶನ, ಛಾಯಾಗ್ರಹಣ, ಸಂಕಲನ, ಧ್ವನಿ ಈ ನಾಲ್ಕೂ ವಿಭಾಗದ ವಿದ್ಯಾರ್ಥಿಗಳು ವರ್ಷದ ಕೊನೆಗೆ ಸೇರಿ ಮಾಡಿದ ಅಭ್ಯಾಸ. ನಮ್ಮ ಕಾಲೇಜು ತಂಡಗಳಲ್ಲಿ ಧ್ವನಿಯ ಕೆಲಸ ಬೇರೇನೂ ಸಿಗದವನ ಪಾಲಿಗೆ ಉಳಿಯುತ್ತದೆ. ಟೈಟಲ್ ಕಾರ್ಡಿನಲ್ಲಿ ಅವನು ‘ಸಹಾಯ’.

ಡಬ್ಬಿಂಗೇ ಬೇಡ ಎನ್ನುವಷ್ಟು ಹಟ ನನಗಿಲ್ಲ. ಕನ್ನಡ ಸಿನಿಮಾ ದಶಕಗಳ ಕಾಲ ಬದುಕಿದ್ದೇ ಅದರ ಮೇಲೆ. ಮಾತಾಡಿದವರೇ ತಮ್ಮ ಮಾತಿನಲ್ಲೇ ಡಬ್ ಮಾಡಲಿ, ಅಷ್ಟೇ. ಈ ಸೆಮಿಸ್ಟರಿನಿಂದಲೇ ಆ ಮೌಲ್ಯಮಾಪನದ ಹಾಳೆಯಲ್ಲಿ ‘ಭಾಷಾಶುದ್ಧಿ’ ಎಂಬ ಸಾಲು ಹೊಡೆದುಹಾಕಿ ‘ಸ್ಥಳದ ಧ್ವನಿ’ ಎಂದು ಬರೆಯಬಹುದು. ಕಲಿತದ್ದೇನು ಎಂಬ ಎರಡು ಪುಟದ ಬದಲು ಚಿತ್ರೀಕರಣದ ಮೂಲ ಆಡಿಯೋ ಕಡತಗಳನ್ನೇ ತರಿಸಿಕೊಂಡು, ಹೆಡ್‌ಫೋನ್ ಹಾಕಿ ಮೇಷ್ಟ್ರುಗಳೂ ಒಮ್ಮೆ ಕೇಳಬಹುದು.