ನಿದ್ದೆಯಲ್ಲಿ ನಡೆಯುವ ಮಗುವಿಗೆ ಬೇಕಾದುದು ಬೆತ್ತವಲ್ಲ

ಮಧ್ಯರಾತ್ರಿ ಹಾಸಿಗೆಯಿಂದೆದ್ದು ಕಣ್ಣು ತೆರೆದುಕೊಂಡೇ ನಡೆಯುವ, ಹೆಸರು ಹಿಡಿದು ಕೂಗಿದರೂ ಓಗೊಡದ, ಬೆಳಗಾದ ಮೇಲೆ ಏನೂ ನೆನಪಿಲ್ಲವೆನ್ನುವ ಮಕ್ಕಳು ನಮ್ಮ ಮನೆಗಳಲ್ಲಿದ್ದಾರೆ. ಎಚ್ಚರವಾದರೂ ಕೈಕಾಲು ಆಡಿಸಲಾಗದೆ, ಎದೆಯ ಮೇಲೆ ಯಾರೋ ಕುಳಿತಂತಾಗಿ ಬೆವರುವ ಯುವತಿಯರಿದ್ದಾರೆ. ಕನಸಿನಲ್ಲಿ ಹೊಡೆದಾಡುತ್ತಾ ಪಕ್ಕದಲ್ಲಿ ಮಲಗಿದ ಹೆಂಡತಿಯನ್ನು ಗುದ್ದುವ ವೃದ್ಧರಿದ್ದಾರೆ. ಈ ಮೂವರಿಗೂ ನಮ್ಮವರಲ್ಲಿ ಅನೇಕರು ಸಿದ್ಧವಾಗಿಟ್ಟುಕೊಂಡಿರುವ ಉತ್ತರ ಒಂದೇ: ಜಿನ್ನ್ ಬಾಧೆ. ಉತ್ತರ ಒಂದೇ ಆದುದರಿಂದ ದಾರಿಯೂ ಒಂದೇ: ತಾಯತ ಕಟ್ಟುವವನ ಮನೆ. ಅಲ್ಲಿ ಮೊದಲು ನೂಲು, ಅನಂತರ ಹೊಗೆ, ಅದೂ ಫಲಿಸದಿದ್ದರೆ ಬೆತ್ತ. ವೈದ್ಯರ ನೆನಪಾಗುವುದು ಎಲ್ಲ ಮುಗಿದ ಮೇಲೆ.

ಒಂದು ಮಾತನ್ನು ಮೊದಲೇ ಸ್ಪಷ್ಟಪಡಿಸುತ್ತೇನೆ. ಜಿನ್ನ್‌ಗಳ ಅಸ್ತಿತ್ವವನ್ನು ಪವಿತ್ರ ಕುರ್‌ಆನ್ ತಿಳಿಸಿದೆ. ಅದು ನಮ್ಮ ವಿಶ್ವಾಸದ ಭಾಗ. ಇಲ್ಲಿರುವ ಪ್ರಶ್ನೆ ಜಿನ್ನ್ ಇದೆಯೇ ಇಲ್ಲವೇ ಎಂಬುದಲ್ಲ. ಇಂಥ ಮನೆಯ ಇಂಥ ಮಗುವಿನ ಮೈಮೇಲೆ ಇಂಥ ರಾತ್ರಿ ಜಿನ್ನ್ ಬಂದಿದೆ ಎಂದು ತೀರ್ಪು ಕೊಡುವ ಅಧಿಕಾರವನ್ನು ಈ ವ್ಯಕ್ತಿಗೆ ಕೊಟ್ಟವರು ಯಾರು ಎಂಬುದು ಪ್ರಶ್ನೆ. ಅಗೋಚರದ ಜ್ಞಾನ ಅಲ್ಲಾಹನಿಗೆ ಮಾತ್ರ ಸೇರಿದ್ದೆಂದು ಮದ್ರಸದ ಒಂದನೆಯ ತರಗತಿಯಲ್ಲೇ ಕಲಿಸುವ ನಾವು, ಅಗೋಚರವನ್ನು ಕಂಡು ಹೇಳುತ್ತೇನೆನ್ನುವವನ ಮುಂದೆ ಕೈಕಟ್ಟಿ ನಿಲ್ಲುವುದು ಎಂಥ ವಿಪರ್ಯಾಸ!

ನಿದ್ರೆ ಒಂದೇ ಸಮನಾದ ಕತ್ತಲೆಯಲ್ಲ. ಸುಮಾರು 90 ನಿಮಿಷಗಳ ಒಂದು ಸುತ್ತಿನಂತೆ, ರಾತ್ರಿಯೊಂದರಲ್ಲಿ ನಾಲ್ಕೈದು ಬಾರಿ ಅದು ಹಗುರವಾಗಿ, ಗಾಢವಾಗಿ, ಕನಸಿನ ಹಂತಕ್ಕೇರಿ ಮರಳುತ್ತದೆ. ಕಣ್ಣಾಲಿಗಳು ವೇಗವಾಗಿ ಚಲಿಸುವ ಈ ಕನಸಿನ ಹಂತವನ್ನು ಷಿಕಾಗೋ ವಿಶ್ವವಿದ್ಯಾಲಯದ ಅಸೆರಿನ್‌ಸ್ಕಿ ಮತ್ತು ಕ್ಲೈಟ್‌ಮನ್ 1953ರಲ್ಲಿ ಗುರುತಿಸಿದರು. ಆ ಹಂತದಲ್ಲಿ ಮಿದುಳು ಮೈಯ ಸ್ನಾಯುಗಳನ್ನು ಸಡಿಲಗೊಳಿಸಿ ನಿಶ್ಚಲವಾಗಿಡುತ್ತದೆ. ಇಲ್ಲವಾದರೆ ಕನಸಿನಲ್ಲಿ ಓಡುವವನು ಗೋಡೆಗೆ ಹೋಗಿ ಅಪ್ಪಳಿಸುತ್ತಿದ್ದ. ಸೃಷ್ಟಿಕರ್ತನು ನಮ್ಮ ರಕ್ಷಣೆಗಾಗಿ ಹಾಕಿದ ಬೀಗವದು. ಮನಸ್ಸು ಎಚ್ಚರಗೊಂಡ ಮೇಲೂ ಕೆಲವು ಕ್ಷಣ ಆ ಬೀಗ ತೆರೆಯದೇ ಉಳಿದರೆ ಅದೇ ನಿದ್ರಾ ಪಾರ್ಶ್ವವಾಯು. ಮೈ ಅಲುಗದು, ಕನಸಿನ ಆಕೃತಿಗಳು ಕಣ್ಣೆದುರೇ ನಿಲ್ಲುತ್ತವೆ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2011ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ ನೂರರಲ್ಲಿ ಸುಮಾರು ಎಂಟು ಮಂದಿಗೆ ಬದುಕಿನಲ್ಲಿ ಒಮ್ಮೆಯಾದರೂ ಇದು ಸಂಭವಿಸುತ್ತದೆ. ಜಪಾನಿನವರು ಇದನ್ನು ಕನಶಿಬರಿ, ಅಂದರೆ ಲೋಹದಿಂದ ಕಟ್ಟಿಹಾಕಿದ ಸ್ಥಿತಿ ಎನ್ನುತ್ತಾರೆ. ಕೆನಡಾದ ನ್ಯೂಫೌಂಡ್‌ಲ್ಯಾಂಡಿನವರು ಎದೆಯೇರಿ ಕೂರುವ ಮುದುಕಿಯನ್ನು ಕಾಣುತ್ತಾರೆ. ನಮ್ಮವರು ಜಿನ್ನ್ ಕಾಣುತ್ತಾರೆ. ಅನುಭವ ಒಂದೇ, ವೇಷ ಮಾತ್ರ ಊರಿಗೊಂದು.

ಅದೇ ಬೀಗ ಹಾಕಿಕೊಳ್ಳಲು ಮರೆತರೆ ಇದಕ್ಕೆ ವಿರುದ್ಧವಾದುದು ನಡೆಯುತ್ತದೆ. ಮನುಷ್ಯ ಕನಸನ್ನು ಮೈಯಿಂದ ಆಡಿ ತೋರಿಸುತ್ತಾನೆ. ಕೂಗುತ್ತಾನೆ, ಒದೆಯುತ್ತಾನೆ, ಮಂಚದಿಂದ ಬೀಳುತ್ತಾನೆ. ಅಮೆರಿಕದ ವೈದ್ಯರಾದ ಶೆಂಕ್ ಮತ್ತು ಮಹೋವಾಲ್ಡ್ 1986ರಲ್ಲಿ ಇದನ್ನು ಪ್ರತ್ಯೇಕ ಕಾಯಿಲೆಯಾಗಿ ವಿವರಿಸಿದರು. ಐವತ್ತು ದಾಟಿದ ಗಂಡಸರಲ್ಲಿ ಹೆಚ್ಚಾಗಿ ಪತ್ತೆಯಾಗುವ ಇದು, ಅನೇಕರಲ್ಲಿ ಹಲವು ವರ್ಷಗಳ ಬಳಿಕ ಬರಲಿರುವ ಪಾರ್ಕಿನ್ಸನ್ ಕಾಯಿಲೆಯ ಮುನ್ಸೂಚನೆ. ಮಿದುಳು ಕಳುಹಿಸಿದ ಎಚ್ಚರಿಕೆಯ ಓಲೆಯನ್ನು ಓದದೆ ತಾಯತದೊಳಗೆ ಮಡಚಿಟ್ಟರೆ ನಷ್ಟ ಯಾರಿಗೆ?

ಮಕ್ಕಳ ನಿದ್ರಾನಡಿಗೆಯ ಬಗೆ ಬೇರೆ. ಅದು ರಾತ್ರಿಯ ಮೊದಲ ಭಾಗದ ಗಾಢನಿದ್ರೆಯಲ್ಲಿ, ಮಿದುಳು ಅರೆ ಎಚ್ಚರಗೊಂಡಾಗ ಸಂಭವಿಸುವಂಥದ್ದು. ಅನೇಕ ವೇಳೆ ವಂಶದಲ್ಲಿ ಹರಿದು ಬರುತ್ತದೆ. ನಿದ್ದೆಗೇಡು, ಜ್ವರ, ಮಾನಸಿಕ ಒತ್ತಡ ಅದನ್ನು ಕೆರಳಿಸುತ್ತವೆ. ಬಹುಪಾಲು ಮಕ್ಕಳಲ್ಲಿ ಪ್ರಾಯಕ್ಕೆ ಬರುವಷ್ಟರಲ್ಲಿ ತಾನೇ ನಿಲ್ಲುತ್ತದೆ. ತಾನಾಗಿಯೇ ನಿಲ್ಲುವ ಇದರ ಕೀರ್ತಿಯನ್ನೇ ನೂಲು ಕಟ್ಟಿದವನು ಕೊಯ್ಲು ಮಾಡಿಕೊಳ್ಳುತ್ತಾನೆ. ಆದರೆ ಹೆದರಿಸಿ, ಹೊಡೆದು, ರಾತ್ರಿಯಿಡೀ ಹೊಗೆಯ ಮುಂದೆ ಕೂರಿಸಿದರೆ ಮಗುವಿಗೆ ದಕ್ಕುವುದೇನು? ನಿದ್ದೆಗೇಡು ಮತ್ತು ಭಯ. ರೋಗವನ್ನು ಕೆರಳಿಸುವುದನ್ನೇ ಮದ್ದೆಂದು ಕೊಟ್ಟಂತಾಯಿತು.

ಇದು ಪಾಶ್ಚಾತ್ಯರ ಮಾತೆಂದು ತಳ್ಳಿಹಾಕುವವರು ನಮ್ಮದೇ ಪರಂಪರೆಯನ್ನು ತೆರೆದು ನೋಡಲಿ. ಎದೆಯೊತ್ತುವ ಈ ಅನುಭವವನ್ನು ಅರಬಿ ವೈದ್ಯಗ್ರಂಥಗಳು ಕಾಬೂಸ್ ಎಂದು ಕರೆದವು. ಹತ್ತನೆಯ ಶತಮಾನದಲ್ಲಿ ಬುಖಾರಾದ ವೈದ್ಯ ಅಖವೈನಿ ಹೊಟ್ಟೆಯಿಂದ ಮಿದುಳಿಗೇರುವ ಆವಿಯೇ ಇದಕ್ಕೆ ಕಾರಣವೆಂದು ಬರೆದನು. ಆಹಾರವನ್ನು ಹಗುರಗೊಳಿಸಲು ಸೂಚಿಸಿದನು. 1037ರಲ್ಲಿ ನಿಧನರಾದ ಇಬ್ನ್ ಸೀನಾ ತಮ್ಮ ಅಲ್ ಕಾನೂನ್ ಗ್ರಂಥದಲ್ಲಿ ಇದನ್ನು ತಲೆಯ ರೋಗಗಳ ಸಾಲಿನಲ್ಲಿಟ್ಟರು. ಆವಿಯ ಸಿದ್ಧಾಂತ ಇಂದು ಉಳಿದಿಲ್ಲ. ಆದರೆ ಸಾವಿರ ವರ್ಷಗಳ ಹಿಂದೆ ಅವರು ಕಾರಣವನ್ನು ದೇಹದಲ್ಲಿ ಹುಡುಕಿದರು; ನಾವಿಂದು ಹುಡುಕುವುದನ್ನೇ ಬಿಟ್ಟಿದ್ದೇವೆ.

ಇಬ್ನುಲ್ ಕಯ್ಯಿಮ್‌ರಂಥ ವಿದ್ವಾಂಸರು ಜಿನ್ನ್‌ನಿಂದ ಅಪಸ್ಮಾರ ಬರುತ್ತದೆಂದು ಒಪ್ಪಿದ್ದಾರಲ್ಲವೇ ಎಂದು ಕೆಲವರು ವಾದಿಸುತ್ತಾರೆ. ನಿಜ. ಆದರೆ ಅಪಸ್ಮಾರದಲ್ಲಿ ಎರಡು ಬಗೆಯಿದೆ, ಒಂದು ದೇಹದ ದೋಷದಿಂದ ಬರುವಂಥದ್ದೆಂದೂ ಅವರೇ ಹೇಳಿದ್ದಾರೆ. ಎರಡು ಬಗೆಯಿರುವಾಗ ಮೊದಲನೆಯದನ್ನು ಪರೀಕ್ಷಿಸದೆ ಎರಡನೆಯದಕ್ಕೆ ಜಿಗಿಯುವುದು ಅವರ ಅನುಸರಣೆಯಲ್ಲ, ಅವರ ಅರ್ಧ ಮಾತಿನ ದುರುಪಯೋಗ. ಚಿಕಿತ್ಸೆ ಪಡೆಯಿರೆಂದು ಪ್ರವಾದಿ(ಸ)ಯವರು ಆದೇಶಿಸಿದ್ದಾರೆ. ವೈದ್ಯವಿದ್ಯೆ ಅರಿಯದೆ ಚಿಕಿತ್ಸೆಗಿಳಿದವನು ಆದ ಹಾನಿಗೆ ಹೊಣೆಗಾರನೆಂಬುದೂ ಅವರಿಂದ ವರದಿಯಾಗಿದೆ. ಬೆತ್ತ ಹಿಡಿದವರು ಆ ಹೊಣೆಯನ್ನು ಲೆಕ್ಕಕ್ಕೆ ತೆಗೆದುಕೊಂಡಿದ್ದಾರೆಯೇ?

ಶರೀಅತ್ತಿನ ಕರುಣೆಯನ್ನಾದರೂ ನೋಡೋಣ. ನಿದ್ರಿಸುತ್ತಿರುವವನ ಕರ್ಮಗಳು ಅವನ ಪಾಪದ ಲೆಕ್ಕಕ್ಕೆ ಸೇರುವುದಿಲ್ಲ. ನಿದ್ದೆಗಣ್ಣಿನಲ್ಲಿ ತಲಾಖ್ ಎಂದು ಬಡಬಡಿಸಿದರೆ ತಲಾಖ್ ಆಗುವುದಿಲ್ಲ. ಅಲ್ಲಾಹನೇ ದೋಷಿಯೆಂದು ಬರೆಯದವನನ್ನು ನಾವು ಹೊಡೆಯುತ್ತೇವೆ. ನಿದ್ದೆಯಲ್ಲಿ ಚೀರಿದಳೆಂಬ ಕಾರಣಕ್ಕೆ ನವವಧುವನ್ನು ಬಾಧೆಯುಳ್ಳವಳೆಂದು ತವರಿಗಟ್ಟುತ್ತೇವೆ. ಯಾವ ಧರ್ಮದ ಹೆಸರಿನಲ್ಲಿ?

ಮಲಗುವ ಮುನ್ನ ವುಝೂ ಮಾಡೋಣ, ಹಾಸಿಗೆಯನ್ನು ಕೊಡವೋಣ, ಆಯತುಲ್ ಕುರ್ಸಿಯನ್ನೂ ಕೊನೆಯ ಸೂರಾಗಳನ್ನೂ ಪಠಿಸೋಣ, ಬಲಮಗ್ಗುಲಲ್ಲಿ ಮಲಗೋಣ. ಇವು ನಮ್ಮ ಪ್ರವಾದಿ(ಸ)ಯವರ ಸುನ್ನತ್. ಇದಕ್ಕೆ ದಕ್ಷಿಣೆಯ ಹಂಗಿಲ್ಲ, ದಲ್ಲಾಳಿಯೂ ಬೇಕಿಲ್ಲ. ದುಆ ಮತ್ತು ಔಷಧಿ ಒಂದಕ್ಕೊಂದು ಶತ್ರುಗಳಲ್ಲ. ನಿದ್ದೆಯಲ್ಲಿ ನಡೆಯುವ ಮಗುವನ್ನು ಮೆಲ್ಲನೆ ಹಾಸಿಗೆಗೆ ಕರೆತನ್ನಿ. ಬಾಗಿಲಿಗೆ ಚಿಲಕ ಹಾಕಿ, ಬಾವಿಗೆ ಮುಚ್ಚಳ ಹಾಕಿ, ಮಹಡಿಯಲ್ಲಿ ಮಲಗಿಸಬೇಡಿ. ಒಂದೇ ಬಗೆಯ ಸೆಳೆತ ರಾತ್ರಿ ಹಲವು ಬಾರಿ ಬಂದರೆ, ನಾಲಿಗೆ ಕಚ್ಚಿಕೊಂಡರೆ, ಗೊರಕೆಯ ನಡುವೆ ಉಸಿರು ನಿಂತರೆ, ಹಿರಿಯರು ಕನಸಿನಲ್ಲಿ ಹೊಡೆದಾಡತೊಡಗಿದರೆ ತಡಮಾಡದೆ ನರರೋಗ ತಜ್ಞರಲ್ಲಿಗೆ ಹೋಗಿ. ಸಾಧ್ಯವಾದರೆ ಆ ಚಲನೆಯನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ ವೈದ್ಯರಿಗೆ ತೋರಿಸಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನಿದ್ರೆಯನ್ನೇ ಪರೀಕ್ಷಿಸುವ ವ್ಯವಸ್ಥೆಯಿದೆ.

ಮಿಂಬರ್‌ಗಳಿಂದ ಈ ಮಾತು ಕೇಳಿಬರಬೇಕು. ಉಲಮಾಗಳು ಮೌನ ವಹಿಸಿದಷ್ಟು ದಿನವೂ ಬೆತ್ತ ಮಾತಾಡುತ್ತಿರುತ್ತದೆ. ನಿದ್ರೆಯನ್ನು ತನ್ನ ದೃಷ್ಟಾಂತಗಳಲ್ಲಿ ಒಂದಾಗಿಸಿದ ಅಲ್ಲಾಹನು ಅದನ್ನು ಅರಿಯುವ ವಿವೇಕವನ್ನೂ ನಮಗೆ ಕರುಣಿಸಲಿ. ಆಮೀನ್.