ದಂತವೈದ್ಯರ ನಿರಂತರ ಶಿಕ್ಷಣ: ಹಲ್ಲಿನಾಚೆಗೂ ದೃಷ್ಟಿ ಹಾಯಲಿ

ಕಿಗ್ಗ, ಶೃಂಗೇರಿ, ಕೊಪ್ಪದವರಿಗೆ ಅಡಿಕೆಯೇ ಅನ್ನ. ಆದರೆ ತಂಬಾಕಿಲ್ಲದ ಎಲೆಯಡಿಕೆಯೂ ಬಾಯಿಯ ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಏಜೆನ್ಸಿಯು 2004ರ ಗ್ರಂಥದಲ್ಲಿ ನಿರ್ಣಯಿಸಿದೆ. ಬೆಳೆಗಾರರಿಗೆ ಕಹಿಯಾದರೂ ಮುಚ್ಚಿಡಲಾಗದು.

ಸುಶ್ರುತರು ಎಣಿಸಿದ 65 ಮುಖರೋಗಗಳಲ್ಲಿ ಹಲ್ಲಿನವು ಎಂಟೇ. ಉಳಿದವು ತುಟಿ, ವಸಡು, ನಾಲಗೆ, ಅಂಗುಳ, ಗಂಟಲು ಮೊದಲಾದವುಗಳವು. ಇಂದಿನ ಎಕ್ಸ್-ರೇ ದವಡೆಯ ಮೂಳೆಯನ್ನೂ ಹಲ್ಲಿನ ಬೇರನ್ನೂ ಸೊಗಸಾಗಿ ತೋರಿಸುತ್ತದೆ. ಕೆನ್ನೆಯೊಳಗಿನ ಬಿಳಿ ಮಚ್ಚೆಯನ್ನು, ಚರ್ಮ ಬಿಗಿಯತೊಡಗಿದ್ದನ್ನು ತೋರಿಸದು. ಅದಕ್ಕೆ ಬೆಳಕು, ಕಣ್ಣು, ಬೆರಳು ಬೇಕು, ಸಂಶಯವಿದ್ದಲ್ಲಿ ಬಯಾಪ್ಸಿ. ದಂತವೈದ್ಯರ ನಿರಂತರ ಶಿಕ್ಷಣದ ಶಿಬಿರಗಳಲ್ಲಿ ಯಂತ್ರಗಳ ಪಾಠದಷ್ಟೇ ಕಾಲ ಈ ಪರೀಕ್ಷೆಯ ಅಭ್ಯಾಸಕ್ಕೂ ಮೀಸಲಾಗಬೇಕು.

ಎರಡು ವಾರಕ್ಕೂ ಮಾಯದ ಹುಣ್ಣಿದ್ದರೆ, ಬಾಯಿ ಪೂರ್ತಿ ತೆರೆಯದಿದ್ದರೆ, ಸದ್ಭಕ್ತರು ಹಲ್ಲು ತೋರಿಸಲು ಹೋದಾಗ ಅದನ್ನೂ ತಾವಾಗಿಯೇ ತಿಳಿಸಬೇಕು.